ಕುದಿಸಿದರೆ ಕಾಣದ ಬಿಳುಪು

ನನ್ನ ಗಂಡನ ಪಕ್ಕೆಲುಬು ಮುರಿದದ್ದು ಕೆಮ್ಮಿದ್ದಕ್ಕೆ. ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಪಾವಗಡದ ಕಡೆಯಿಂದ ಮೂಳೆ ಕಟ್ಟುವವನು ಬಂದು ಸೊಪ್ಪು ಅರೆದು ಹಚ್ಚಿ ಬಟ್ಟೆ ಬಿಗಿದ. ಅದು ಕೂಡುವ ಮೊದಲೇ ಇನ್ನೊಂದು ಮುರಿಯಿತು.

ಅತ್ತೆ ಇವರನ್ನು ಮಧುಗಿರಿಯಿಂದ ಇದ್ದಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯುದ್ಧ ಮುಗಿದಿದ್ದರೂ ಪೆಟ್ರೋಲು ಸಾಲದೆ ಆ ಬಸ್ಸುಗಳು ಇನ್ನೂ ಓಡುತ್ತಿದ್ದವು. ನಾನು ಬಾಣಂತಿ, ಮನೆಯಲ್ಲೇ ಉಳಿದೆ.

ಮೂಳೆಯ ಒಳಗಿನ ಮಜ್ಜೆ ಕೆಟ್ಟಿದೆ, ಮೂಳೆಯನ್ನು ಅದೇ ತಿನ್ನುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ಇದಕ್ಕೆ ಮದ್ದಿಲ್ಲ, ಪರದೇಶದಿಂದ ಹೊಸದೊಂದು ಬಂದಿದೆ, ಕೆಲವರಿಗೆ ಕೊಟ್ಟು ನೋಡುತ್ತಿದ್ದೇವೆ, ಹಿಡಿಯುತ್ತದೋ ಇಲ್ಲವೋ ನಮಗೇ ಗೊತ್ತಿಲ್ಲ, ಒಪ್ಪಿದರೆ ಕುಡಿಯಲಿ ಎಂದರಂತೆ. ಇವರು ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ.

ಹಿಡಿಯಿತೇ ಎಂದು ತಿಳಿಯುವುದು ಉಚ್ಚೆಯಲ್ಲಿ. ಗಾಜಿನ ಕೊಳವೆಗೆ ಹಾಕಿ ಬೆಚ್ಚಗೆ ಕಾಯಿಸಿದರೆ ಈ ರೋಗದವರ ಉಚ್ಚೆ ಒಡೆದ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಳುಪು ಕಡಿಮೆಯಾದರೆ ಮದ್ದು ಮುಂದುವರಿಸಿ, ಆಗದಿದ್ದರೆ ನಿಲ್ಲಿಸಿ ಎಂದು ಅತ್ತೆಯ ಕೈಗೆ ಒಂದು ಕೊಳವೆ ಕೊಟ್ಟು ಕಳಿಸಿದರು.

ಅತ್ತೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದರು. ದಿನಾ ಕಾಯಿಸಿ, ಕೊಳವೆಯನ್ನು ಬಿಸಿಲಿಗೆ ಹಿಡಿದು ಅಲ್ಲಿಂದಲೇ ಕೂಗುತ್ತಿದ್ದರು.

"ತಿಳಿನೀರು ಕಣಮ್ಮ. ಒಂಚೂರೂ ಬಿಳೇದಿಲ್ಲ."

ಆ ಮದ್ದು ಕುಡಿದರೆ ಇವರಿಗೆ ಗಂಜಿಯೂ ನಿಲ್ಲುತ್ತಿರಲಿಲ್ಲ. ಮುರಿದ ಪಕ್ಕೆ ಹಿಡಿದುಕೊಂಡು ಕಕ್ಕುತ್ತಿದ್ದರು, ಅಳುತ್ತಿದ್ದರು.

"ಸಾಕು ಬುಡವ್ವ."

"ಹಿಡಿದದೆ ಕಣ್ಲಾ. ಇಲ್ನೋಡು. ಕುಡಿ."

ಕುಡಿದರು.

ಸೀಸೆ ಮುಗಿದಾಗ ಮೂವರೂ ಹೋದೆವು, ಮಗು ನನ್ನ ಕಂಕುಳಲ್ಲಿ. ಡಾಕ್ಟರು ತಾವೇ ಕಾಯಿಸಿದರು. ಕೊಳವೆ ಬೆಳ್ಳಗಾಯಿತು, ಮೊಸರು ಕಟ್ಟಿದಂತೆ.

"ಮನೇಲಿ ಹೇಗಮ್ಮ ಕಾಯಿಸ್ತಿದ್ರಿ?"

"ತಕತಕ ಕುದಿಸ್ತಿದ್ದೆ ಸ್ವಾಮಿ. ಉಚ್ಚೆ ಅಲ್ವಾ, ಅರ್ಧಂಬರ್ಧ ಕಾಯಿಸಿದ್ರೆ ಮೈಲಿಗೆ ಹೋಗ್ತದಾ?"

ಡಾಕ್ಟರು ಅದೇ ಕೊಳವೆಯನ್ನು ಮತ್ತೆ ಉರಿಗೆ ಹಿಡಿದರು. ಕುದಿ ಬಂತು. ಬಿಳುಪೆಲ್ಲ ಕರಗಿ ತಿಳಿಯಾಯಿತು. ಕುದಿಯುವ ಮೊದಲೇ ನೋಡಬೇಕಿತ್ತು ಎಂದರು. ಮದ್ದು ಹಿಡಿದೇ ಇರಲಿಲ್ಲ. ಇನ್ನು ಬೇಡ, ನಮ್ಮಲ್ಲಿ ಬೇರೆ ಏನೂ ಇಲ್ಲ ಎಂದರು.

ಅತ್ತೆ ಆ ಕೊಳವೆಯನ್ನು ಈಸಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಇವರು ಮಾತ್ರ, "ಇನ್ ಕುಡಿಯಂಗಿಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ ಎಂದಾಗ ಮುಖ ಅರಳಿತು. ಬಸ್ಸಿನಲ್ಲಿ, "ಲೇ, ಹುಳ್ಳಿ ಸಾರು ಮಾಡು, ಖಾರ ಮುಂದಾಗಿರ್ಲಿ" ಎಂದರು.

ಮಾಡಿದೆ. ಮುದ್ದೆ ಉಂಡರು, ಕಕ್ಕಲಿಲ್ಲ. ಅತ್ತೆ ಗೋಡೆಗೆ ಮುಖ ಹಾಕಿ ಮಲಗಿದ್ದರು.

"ಏಳವ್ವ, ಉಣ್ಣು. ನಿಂಗೇನು ಗೊತ್ತಿತ್ತು?"

ಅವರು ಏಳಲಿಲ್ಲ.

ಚಳಿ ಬರುವ ಹೊತ್ತಿಗೆ ಇವರ ಬೆನ್ನುಮೂಳೆ ಕುಸಿದು ಕಾಲು ಸತ್ತುಹೋದವು. ಆಮೇಲೆ ಒಂದು ದಿನ, ಮಗುವನ್ನು ಎದೆಯ ಮೇಲೆ ಮಲಗಿಸು ಎಂದು ಕೇಳಿದರು. ಎದೆಗೂಡು ಆ ಭಾರವನ್ನೂ ತಡೆಯುತ್ತಿರಲಿಲ್ಲ. ಕೊಡಲಿಲ್ಲ.