ಅವಳು ಅಟೆನ್ಶನ್ ಎಂದಾಗ

ನಾನು ನಿಂತಿದ್ದುದು ಸ್ಟಾಫ್ ರೂಮಿನ ಜಗಲಿಯ ಕೊನೆಯ ಕಂಬದ ಪಕ್ಕ, ಧ್ವಜಸ್ತಂಭಕ್ಕೆ ಎದುರಾಗಿ. ಕೋವಿಡ್ ಕಳೆದು ಶಾಲೆ ಪೂರ್ತಿ ತೆರೆದ ವರ್ಷದ ಜುಲೈ, ಒಂದು ಸೋಮವಾರ, ಬೆಳಗ್ಗಿನ ಅಸೆಂಬ್ಲಿ. ಮಳೆ ಬಿಟ್ಟಿತ್ತು, ಅಂಗಳ ಒದ್ದೆಯಿತ್ತು. ನನಗೂ ಮೈಕಿಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ಮುಂದಿನದು ಕೇಳಿ ಬರೆದದ್ದಲ್ಲ, ಕಂಡು ಬರೆದದ್ದು.

ಹೊಸಂಗಡಿಯಿಂದ ಒಳಗೆ ಹೋಗುವ ಬಸ್ಸಿನ ದಾರಿಯ ಆ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಶಾಲಾ ಚುನಾವಣೆಯ ಹೊಣೆಯೂ ನನ್ನದೇ. ಲೀಡರ್ ಸ್ಥಾನಕ್ಕೆ ಹತ್ತನೇ ಕ್ಲಾಸಿನ ಮೂವರು ನಿಂತಿದ್ದರು. ಅವರಲ್ಲಿ ಒಬ್ಬಳು, ಊರು ಇಂದಿಗೂ ದೂರವಿಡುವ ಕೊರಗರ ಮನೆಯ ಹುಡುಗಿ. ಅವಳ ತಾಯಿ ಬುಟ್ಟಿ ಹೆಣೆದು ಪೇಟೆಗೆ ತರುತ್ತಿದ್ದರು. ಚಿಹ್ನೆ ಹಂಚುವಾಗ ಹಿಂದಿನ ಬೆಂಚಿನ ಒಬ್ಬ, "ಅವಳಿಗೆ ಬುಟ್ಟಿ ಕೊಡಿ ಸರ್, ಮನೆಯಲ್ಲೇ ಉಂಟಲ್ಲ" ಎಂದ. ಕ್ಲಾಸು ನಕ್ಕಿತು.

ಅವಳು ತಿರುಗಿ, "ನಿಂಗೆ ಬೇಕಾದ್ರೆ ಅಮ್ಮನತ್ರ ಹೇಳ್ತೇನೆ ಮಾರಾಯ, ದುಡ್ಡು ತಾ" ಎಂದಳು. ಪೆನ್ನನ್ನು ಚಿಹ್ನೆಯಾಗಿ ಆರಿಸಿಕೊಂಡಳು.

ಅವಳೇ ಗೆದ್ದಳು. ಉಳಿದಿಬ್ಬರು ತುಂಬ ಹಿಂದೆ ಉಳಿದರು. ಆ ವಾರವೇ ನಾನು ಹಕ್ಕುಗಳ ಪಾಠ ಮಾಡಿದ್ದೆ, ಒಂದು ಓಟು ಏನೆಲ್ಲ ಬದಲಿಸಬಲ್ಲದು ಎಂದು ವಿವರಿಸಿದ್ದೆ. ಮಕ್ಕಳಿಗೆ ತಲುಪಿತು ಎಂದುಕೊಂಡೆ.

ಆ ಸೋಮವಾರ ಅವಳು ಲೀಡರಾಗಿ ಮೊದಲ ಸಲ ಮೈಕಿನ ಮುಂದೆ ಬಂದಳು. "ಅಸೆಂಬ್ಲಿ, ಅಟೆನ್ಶನ್."

ಯಾರೂ ಅಲುಗಲಿಲ್ಲ. ಮೈಕು ಕೆಟ್ಟಿರಬೇಕು ಎಂದು ಮೊದಲು ನಾನು ಭಾವಿಸಿದೆ. ಆದರೆ ಸ್ಪೀಕರು ನನ್ನ ತಲೆಯ ಮೇಲೇ ಇತ್ತು, ಮಾತು ಸ್ಪಷ್ಟವಾಗಿ ಕೇಳಿತ್ತು. ಅವಳು ಮತ್ತೊಮ್ಮೆ ಹೇಳಿದಳು. ಐದನೇ ಕ್ಲಾಸಿನ ಪುಟ್ಟ ಮಕ್ಕಳು ದೊಡ್ಡವರ ಕಾಲುಗಳನ್ನು ತಿರುಗಿ ನೋಡಿದರು. ದೊಡ್ಡವರು ನೆಲ ನೋಡುತ್ತ ನಗು ತಡೆದುಕೊಂಡಿದ್ದರು.

ಹೆಡ್ಮಿಸ್ಟ್ರೆಸ್ ಬಂದು ಮೈಕು ತೆಗೆದುಕೊಂಡರು. ಅದೇ ಎರಡು ಪದ ಹೇಳಿದರು. ಅಷ್ಟೂ ಕಾಲುಗಳು ಒಟ್ಟಿಗೆ ನೆಲಕ್ಕೆ ಬಡಿದವು, ಕೆಸರು ಸಿಡಿಯಿತು. ಪಕ್ಕದಲ್ಲಿ ನಿಂತಿದ್ದ ಅವಳೂ ಕಾಲು ಜೋಡಿಸಿದಳು.

ಮತ್ತೆ ಅವಳಿಗೆ ಓಟು ಹಾಕಿದ್ದು ಯಾಕೆ ಎಂದು ಕ್ಲಾಸಿನಲ್ಲಿ ಕೇಳಿದೆ. ಬುಟ್ಟಿಯ ಮಾತಾಡಿದವನೇ ಎದ್ದು ನಿಂತ.

"ತಮಾಷೆಗೆ ಓಟು ಹಾಕಿದ್ದು ಸರ್. ನಾನೊಬ್ಬನೇ ಅಂತ ಗ್ರಹಿಸಿದ್ದೆ."

"ನಾನೂ ಹಾಗೇ ಗ್ರಹಿಸಿದ್ದು" ಎಂದಳು ಇನ್ನೊಬ್ಬಳು. ಮತ್ತೆ ಅಲ್ಲಲ್ಲಿಂದ "ನಾನೂ" "ನಾನೂ" ಎಂದರು.

"ಅಟೆನ್ಶನ್ ಯಾಕೆ ನಿಲ್ಲಲಿಲ್ಲ?"

"ಅವಳು ಹೇಳಿದ್ದಕ್ಕೆ ಹೇಗೆ ಸರ್ ನಿಲ್ಲುವುದು?"

ಅದು ಉದ್ಧಟತನವಾಗಿರಲಿಲ್ಲ. ಅವನು ನಿಜವಾಗಿಯೂ ನನ್ನನ್ನು ಕೇಳುತ್ತಿದ್ದ.

"ಕಾಲು ಜೋಡಿಸಿ ನಿಲ್ಲುವುದು. ಎಂತ, ನಿಂಗೆ ಗೊತ್ತಿಲ್ವಾ?" ಎಂದಳು ಅವಳು, ತನ್ನ ಬೆಂಚಿನಿಂದಲೇ. ಯಾರೂ ನಗಲಿಲ್ಲ.

ಪಿರಿಯಡ್ ಮುಗಿದ ಮೇಲೆ ಜಗಲಿಯಲ್ಲಿ ನನ್ನ ಹಿಂದೆ ಬಂದಳು. "ನಾಳೆಯಿಂದ ಬೇರೆಯವ್ರು ಹೇಳುವುದಂತೆ, ಹೌದಾ ಸರ್?"

ಹೌದು, ಸ್ಟಾಫ್ ರೂಮಿನಲ್ಲಿ ಆ ಮಾತು ಬಂದಿತ್ತು. ಮಗುವಿಗೆ ಸುಮ್ಮನೆ ಯಾಕೆ ಅವಮಾನ ಎಂದಿದ್ದರು.

"ನೀನೆಂತ ಹೇಳ್ತಿ?"

"ಗೆದ್ದದ್ದು ನಾನಲ್ವಾ?"

ಅವಳ ಮಾತನ್ನು ಹಾಗೆಯೇ ಹೆಡ್ಮಿಸ್ಟ್ರೆಸ್ಸರಿಗೆ ಹೇಳಿದೆ. ಅವರು "ನಾಳೆ ಒಂದು ದಿನ ನೋಡುವ" ಎಂದರು.

ಮಂಗಳವಾರ ಅವಳು ಒಂದೇ ಸಲ ಹೇಳಿದಳು. ಕಾಲುಗಳು ಅಲುಗಲಿಲ್ಲ. ಹೆಡ್ಮಿಸ್ಟ್ರೆಸ್ ಕೈ ಚಾಚಿದರು. ಅವಳು ಮೈಕು ಕೊಡಲಿಲ್ಲ, ಮತ್ತೆ ಹೇಳಲೂ ಇಲ್ಲ. ಎರಡೂ ಕೈಯಲ್ಲಿ ಮೈಕು ಹಿಡಿದು ಕಾಯುತ್ತ ನಿಂತಳು. ಮೊದಲ ಪಿರಿಯಡ್ಡಿನ ಬೆಲ್ಲು ಆಯಿತು. ಐದನೇ ಕ್ಲಾಸಿನ ಸಾಲಿನ ತುದಿಯಲ್ಲಿ ಒಂದು ಹುಡುಗಿ ಕಾಲು ಜೋಡಿಸಿದಳು. ಆಮೇಲೆ ಅವಳ ಪಕ್ಕದವಳು. ಹಿಂದಿನ ಸಾಲುಗಳಲ್ಲಿ ಒಂದೊಂದೇ, ಬಿಟ್ಟು ಬಿಟ್ಟು, ಸದ್ದಿಲ್ಲದೆ. ಎಲ್ಲರೂ ಅಲ್ಲ. ನಿಲ್ಲದವರನ್ನು ನಾನು ನೋಡಿದೆ, ಅವಳೂ ನೋಡಿದಳು. ಅಷ್ಟಾದ ಮೇಲೆ ಪ್ರಾರ್ಥನೆಗೆ ಹೇಳಿದಳು.

ಇದನ್ನು ಕಂಡವರು ಇದ್ದಾರೆ. ಹೆಡ್ಮಿಸ್ಟ್ರೆಸ್ ನಿವೃತ್ತರಾಗಿ ಮಂಗಲ್ಪಾಡಿಯಲ್ಲಿದ್ದಾರೆ. ಮೈಕು ಜೋಡಿಸಿಕೊಟ್ಟ ಡ್ರಿಲ್ ಮಾಷ್ಟ್ರು ಈಗ ಬದಿಯಡ್ಕದ ಕಡೆ. ಬುಟ್ಟಿ ಎಂದವನು ಹೊಸಂಗಡಿಯ ಮೊಬೈಲ್ ಅಂಗಡಿಯಲ್ಲಿದ್ದಾನೆ. ಐದನೆಯ ಆ ಹುಡುಗಿ ಅದೇ ಶಾಲೆಯ ದೊಡ್ಡ ಕ್ಲಾಸಿನಲ್ಲಿದ್ದಾಳೆ. ಮತ್ತು ಲೀಡರಾಗಿದ್ದ ಅವಳು, ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಉಳಿದವರು ಮಂಗಳವಾರದ ಕಥೆ ಹೇಳುತ್ತಾರೆ. ಅವರಲ್ಲಿ ಸೋಮವಾರದ್ದನ್ನು ಹೇಳುವವಳು ಅವಳೊಬ್ಬಳೇ.