ಐದು ಬಾಯಿಗಳಲ್ಲಿ ಹಂಚಿಹೋದ ಝಾರ್ ದೊರೆ

2017ರಲ್ಲಿ ನಾನು ಟಿ. ದಾಸರಹಳ್ಳಿಯ ಒಂದು ಮಹಿಳಾ ಸಂಘದ ಭಾನುವಾರದ ತರಗತಿಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ನೇಮಕಾತಿ ಪತ್ರ, ಹಾಜರಿ ಪುಸ್ತಕ ಇದ್ದ ಕೆಲಸವಲ್ಲ. ವಾರದಲ್ಲಿ ಆರು ದಿನ ಅಡುಗೆ, ಪಾತ್ರೆ, ಮಕ್ಕಳ ಡಬ್ಬಿ. ಏಳನೆಯ ದಿನ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಪಾಠ. ಮದುವೆಗೆ ಮುಂಚೆ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದ್ದೆ. ಆಮೇಲೆ ಇಪ್ಪತ್ತು ವರ್ಷ ಆ ಓದು ಯಾರಿಗೂ ಬೇಕಾಗಿರಲಿಲ್ಲ. ಸಂಘದವರು ಮನೆಗೆ ಬಂದು ಕೇಳಿದ ದಿನ ಆಂಜನೇಯನಿಗೆ ತುಪ್ಪದ ದೀಪ ಒಂದು ಹೆಚ್ಚಿಗೆ ಹಚ್ಚಿದೆ.

ತರಗತಿ ನಡೆಯುತ್ತಿದ್ದದ್ದು ಗೌರಮ್ಮನವರ ಮನೆಯ ಮಹಡಿಯ ಮೇಲಿನ ಹಜಾರದಲ್ಲಿ. ಗೌರಮ್ಮ ಇದೇ ಊರಿನವರು. ಈಗ ಮೂರಂತಸ್ತಿನ ಬಾಡಿಗೆ ಮನೆಗಳಿರುವ ಜಾಗದಲ್ಲಿ ಅವರು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದರಂತೆ. ಹಜಾರವನ್ನು ಪುಕ್ಕಟೆ ಬಿಟ್ಟುಕೊಟ್ಟಿದ್ದರು. ಬದಲಿಗೆ ಅವರು ಕೇಳಿದ್ದು ಒಂದೇ: ಹಿಂದಿನ ಚಾಪೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತು ಪಾಠ ಕೇಳುವುದು. ಕೇಳಿಸಿಕೊಂಡು ಸುಮ್ಮನಿರುವ ಜಾಯಮಾನ ಮಾತ್ರ ಅವರದಾಗಿರಲಿಲ್ಲ.

ಓದಲು ಬರುತ್ತಿದ್ದವರು ಐದು ಜನ ಹೆಂಗಸರು. ಪೀಣ್ಯದ ಒಂದೇ ಗಾರ್ಮೆಂಟ್ಸ್ ಕಾರ್ಖಾನೆಯವರು, ಒಂದೇ ಲೈನಿನವರು. ಲೈನು ಎಂದರೆ ಸಾಲಾಗಿ ಹಾಕಿದ ಹೊಲಿಗೆ ಯಂತ್ರಗಳು. ಒಬ್ಬಳು ಕಾಲರ್ ಹೊಲಿದು ಮುಂದಕ್ಕೆ ಕೊಡುತ್ತಾಳೆ, ಮುಂದಿನವಳು ತೋಳು ಕೂಡಿಸುತ್ತಾಳೆ, ಅದರ ಮುಂದಿನವಳು ಗುಂಡಿಪಟ್ಟಿ. ಸಾಲಿನ ಕೊನೆಯಲ್ಲಿ ಶರ್ಟು ಸಿದ್ಧ. ಹತ್ತು ವರ್ಷ ಕೆಲಸ ಮಾಡಿದವಳೂ ಒಂದು ಪೂರ್ತಿ ಶರ್ಟು ಹೊಲಿದಿರುವುದಿಲ್ಲ ಎಂದು ಅವರೇ ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ.

ಐದೂ ಜನ ಎಸ್.ಎಸ್.ಎಲ್.ಸಿ.ಯನ್ನು ಖಾಸಗಿ ಅಭ್ಯರ್ಥಿಗಳಾಗಿ, ಅಂದರೆ ಶಾಲೆಗೆ ಹೋಗದೆ ನೇರವಾಗಿ, ಬರೆಯುವವರು. ಅವರಲ್ಲಿ ನಿಂಗಮ್ಮನ ಅವಸರ ಬೇರೆಯೇ ಇತ್ತು. ಸಿಂದಗಿ ಕಡೆಯವಳು. ಗಂಡ ತೀರಿಕೊಂಡಿದ್ದ. ಎಂಟು ವರ್ಷದ ಮಗಳನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಇಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿದ್ದಳು. ಊರಿನ ಅಂಗನವಾಡಿ ಕಾರ್ಯಕರ್ತೆ ಮುಂದಿನ ವರ್ಷ ನಿವೃತ್ತಿಯಾಗುವವರಿದ್ದರು. ಆ ಕೆಲಸಕ್ಕೆ ಎಸ್.ಎಸ್.ಎಲ್.ಸಿ. ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು.

"ನಂಗ ಮೂವತ್ತೈದು ತುಂಬೂದು ಬರೂ ವರ್ಷದ ಶ್ರಾವಣಕ್ಕರಿ, ಅಕ್ಕಾರ" ಎಂದಿದ್ದಳು ಮೊದಲ ದಿನವೇ. "ಅಷ್ಟರಾಗ ಪಾಸಾದ್ರ ಮಗಳ ಕೂಡ ಇರ್ತೀನಿ. ಇಲ್ಲಂದ್ರ ಇಲ್ಲೇ ಕಾಲರ್ ಹೊಲ್ಕೋತ ಮುದುಕಿ ಆಗ್ತೀನಿ."

ಅವಳ ಉಳಿದ ವಿಷಯಗಳೆಲ್ಲ ಹಿಂದಿನ ವರ್ಷವೇ ಪಾಸಾಗಿದ್ದವು. ಬಾಕಿ ಇದ್ದದ್ದು ಸಮಾಜ ವಿಜ್ಞಾನ ಒಂದೇ. ನೂರಕ್ಕೆ ಮೂವತ್ತೈದು ಬಂದರೆ ಸಾಕಿತ್ತು.

ತರಗತಿ ಶುರುವಾದ ಜನವರಿಯಲ್ಲೇ ರಷ್ಯಾ ಕ್ರಾಂತಿಯ ಪಾಠಕ್ಕೆ ಬಂದೆವು. ಅಲ್ಲಿನ ಅರಸನಿಗೆ ಝಾರ್ ಎನ್ನುತ್ತಿದ್ದರು. ಮುನ್ನೂರು ವರ್ಷ ಆಳಿದ ಮನೆತನ 1917ರಲ್ಲಿ ಕೆಲವೇ ದಿನಗಳಲ್ಲಿ ಬಿದ್ದುಹೋಯಿತು ಎಂದು ಹೇಳಿದೆ. ಜನ ದಂಗೆ ಎದ್ದರು ಎಂದದ್ದೇ ತಡ, ಹಿಂದಿನಿಂದ ಗೌರಮ್ಮ ಬಾಯಿ ಹಾಕಿದರು.

"ಜನ ಕೂಗಿದ್ರೆ ಅರಮನೆ ಬೀಳಾಕಿಲ್ಲ ಕಣಮ್ಮ. ಒಳಗೆ ಗೆದ್ಲು ಇಡ್ದಿರ್ಬೇಕು. ನಮ್ಮ ಭಾವನ ಮನೆ ನೋಡು, ಯಾರಾದ್ರೂ ಬಂದು ಕಲ್ಲು ಒಡೆದ್ರಾ? ಅಣ್ತಮ್ದೀರೇ ಕೋರ್ಟಿಗೆ ಓಗಿ ಮುಗಿಸ್ಕಂಡ್ರು."

ನಿಂಗಮ್ಮ ಹಿಂದಕ್ಕೆ ತಿರುಗಿದಳು. "ಗೌರಮ್ಮಾರ, ಗೆದ್ದಲ ತಿಂದ ಕಂಬ ಎಷ್ಟ್ ವರ್ಷ ನಿಂದರ್ತೈತಿ ಗೊತ್ತೇನ್ರಿ? ಯಾರರ ದೂಡೂ ಮಟ. ನಮ್ಮ ಫ್ಲೋರ್ ಇನ್‌ಚಾರ್ಜ್ ಇದ್ದನಲ್ರಿ, ಎಷ್ಟೋ ತಿಂಗಳಿಂದ ಟಾರ್ಗೆಟ್ ಮುಟ್ಟಿದ್ದಿಲ್ಲ. ಮ್ಯಾಲಿನವರಿಗೆಲ್ಲ ಗೊತ್ತಿತ್ತು. ಏನರ ಆತೇನು? ಕುಡಿಯೂ ನೀರಿಗಂತ ನಾವು ಮಷಿನ್ ಬಂದ್ ಮಾಡಿ ಎದ್ದು ನಿಂತ ಮರುದಿನ ಅಂವ ಹ್ವಾದ."

"ಓದ. ಇನ್ನೊಬ್ಬ ಬರ್ಲಿಲ್ವಾ?"

"ಬಂದಾನ್ರಿ. ಇಂವ ನೀರ್ ಕೊಡ್ತಾನ."

ಎಲ್ಲರೂ ನಕ್ಕರು. ನನಗೆ ಗಡಿಯಾರದ ಚಿಂತೆ. "ಪರೀಕ್ಷೆಗೆ ನಿಮ್ಮ ಇನ್‌ಚಾರ್ಜೂ ಬರಲ್ಲ, ಗೌರಮ್ಮನವರ ಭಾವನೂ ಬರಲ್ಲ. ಗೈಡಲ್ಲಿ ಐದು ಕಾರಣ ಕೊಟ್ಟಿದ್ದಾರೆ, ಬಾಯಿಪಾಠ ಮಾಡಿ" ಎಂದು ಚರ್ಚೆ ನಿಲ್ಲಿಸಿಬಿಟ್ಟೆ. ಝಾರನ ದಬ್ಬಾಳಿಕೆ, ರೈತ ಕಾರ್ಮಿಕರ ಬಡತನ, ಯುದ್ಧದ ಸೋಲು, ಆಹಾರದ ಅಭಾವ, ಜನರ ದಂಗೆ. ಐದು ಕಾರಣ, ಐದು ಸಾಲು.

ಮುಂದಿನ ಭಾನುವಾರ ಒಪ್ಪಿಸಿದರು ನೋಡಿ, ಒಂದು ಕಡೆಯೂ ತಡವರಿಸಲಿಲ್ಲ. ಒಬ್ಬಳು ನಿಲ್ಲಿಸಿದಲ್ಲಿ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ವಿಷ್ಣು ಸಹಸ್ರನಾಮವನ್ನು ನಮ್ಮ ಭಜನಾ ಮಂಡಳಿಯವರೂ ಅಷ್ಟು ಸರಾಗವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಫೆಬ್ರುವರಿ ತುಂಬ ಹೀಗೇ ನಡೆಯಿತು. ಸಂಘದ ಅಧ್ಯಕ್ಷೆ ಒಂದು ದಿನ ಬಂದು ಕೂತು ಕೇಳಿ ನನ್ನ ಕೈ ಹಿಡಿದು ಹೊಗಳಿದರು. ಮನೆಗೆ ಹೋಗಿ ಯಜಮಾನರಿಗೆ ಅದನ್ನು ಎರಡು ಸಲ ಹೇಳಿದೆ.

ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಬ್ಬರು ನಕಾಶೆ ಮತ್ತು ಒಂದು ವಾಕ್ಯದ ಪ್ರಶ್ನೆಗಳ ಬಲದಿಂದ ಹೇಗೋ ದಾಟಿಕೊಂಡಿದ್ದರು. ಮೂವರು ಫೇಲು. ನಿಂಗಮ್ಮನಿಗೆ ಇಪ್ಪತ್ತನಾಲ್ಕು.

ಆ ಭಾನುವಾರ ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. "ಅಷ್ಟು ಚೆನ್ನಾಗಿ ಒಪ್ಪಿಸ್ತಿದ್ದೆಯಲ್ಲ ನಿಂಗಮ್ಮ, ಏನಾಯ್ತು? ಎಲ್ಲಿ, ಝಾರ್ ಯಾಕೆ ಬಿದ್ದ ಹೇಳು ನೋಡೋಣ."

"ಆಹಾರದ ಅಭಾವ. ರಾಜಧಾನಿಗೆ ಧಾನ್ಯ ತಲುಪದೆ ಜನರು ಹಸಿವಿನಿಂದ ನರಳಿದರು" ಎಂದಳು. ಪಟಪಟ ಬಂತು. ಆಮೇಲೆ ನಿಲ್ಲಿಸಿ ಪಕ್ಕದ ಚಾಪೆಯ ಲಕ್ಷ್ಮಿಯ ಮುಖ ನೋಡಿದಳು.

"ಮುಂದೆ?"

"ಮುಂದಿಂದು ಲಕ್ಷ್ಮೀದ್ರಿ, ಅಕ್ಕಾರ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬೆಳಿಗ್ಗೆ ಎಂಟೂವರೆಗೆ ಕಾರ್ಖಾನೆಗೆ ಹೋಗಿ ಸಂಜೆ ಬರುವವರಿಗೆ ಅಷ್ಟೊಂದು ಪ್ರಶ್ನೆಗಳ ಐದೈದು ಕಾರಣ ಓದಲು ಹೊತ್ತೆಲ್ಲಿದೆ? ಐವರೂ ಕೂತು ಹಂಚಿಕೊಂಡಿದ್ದರು. ಎಲ್ಲ ಉತ್ತರಗಳ ಮೊದಲ ಕಾರಣ ಒಬ್ಬಳಿಗೆ, ಎರಡನೆಯದು ಇನ್ನೊಬ್ಬಳಿಗೆ. ನಿಂಗಮ್ಮನದು ನಾಲ್ಕನೆಯದು. ಪುಸ್ತಕದ ಯಾವ ಪ್ರಶ್ನೆ ಕೇಳಿದರೂ ಅದರ ನಾಲ್ಕನೆಯ ಕಾರಣ ಅವಳಿಗೆ ನೀರು ಕುಡಿದಷ್ಟು ಸುಲಭ. ಪರೀಕ್ಷೆಯ ದಿನ ಉಳಿದ ನಾಲ್ವರು ಬೇರೆ ಬೇರೆ ಕೋಣೆಗಳಲ್ಲಿದ್ದರು.

"ಪರೀಕ್ಷೆ ಒಬ್ಬೊಬ್ಬರೇ ಬರೀಬೇಕು ಅನ್ನೋದು ಗೊತ್ತಿರಲಿಲ್ವೇನಮ್ಮ?"

"ಗೊತ್ತಿತ್ರಿ. ದಿನಾ ಕೂಡಿ ಹೇಳ್ಕೋತ ಹೇಳ್ಕೋತ ಎಲ್ಲಾ ನಂಗ ಬರ್ತೈತಿ ಅಂತನ ಅನಸ್ತಿತ್ತು. ಪೇಪರ್ ಮುಂದ ಕೂತಾಗ ತಿಳೀತು, ಬರೂದು ಒಂದ ಅಂತ."

"ನನಗೆ ಮೊದಲೇ ಹೇಳಬಾರದಿತ್ತಾ?"

ಅವಳು ಚಾಪೆಯಿಂದ ಎದ್ದು ನಿಂತಳು. ದನಿ ಏರಿಸಲಿಲ್ಲ. "ನೀವು ಒಬ್ಬೊಬ್ಬರನ್ನ ಎಬ್ಬಿಸಿ ಒಮ್ಮೆರ ಕೇಳಿದ್ರ ಹೇಳ್ತಿದ್ವಿ, ಅಕ್ಕಾರ. ನೀವು ಕೇಳ್ಲೇ ಇಲ್ಲ. ಸುಮ್ನ ಖುಷಿ ಆಗ್ತಿದ್ರಿ."

ಹಿಂದಿನಿಂದ ಗೌರಮ್ಮ ಮೆಲ್ಲಗೆ, "ಒಳಗಿನ ಗೆದ್ಲು ಅಂದ್ರೆ ಇದೇಯ" ಎಂದರು. ಅವರು ನನ್ನನ್ನೇ ನೋಡುತ್ತಿದ್ದರು.

ದೇವರು ದೊಡ್ಡವನು, ಜೂನ್‌ನಲ್ಲಿ ಪೂರಕ ಪರೀಕ್ಷೆ ಇತ್ತು. ಅದು ನಿಂಗಮ್ಮನ ಪಾಲಿಗೆ ಕೊನೆಯ ಅವಕಾಶ. ಅದು ತಪ್ಪಿದರೆ ಮುಂದಿನ ಫಲಿತಾಂಶ ಬರುವಷ್ಟರಲ್ಲಿ ಅಂಗನವಾಡಿಯ ಅರ್ಜಿ ಮುಗಿದಿರುತ್ತಿತ್ತು. ಗೈಡನ್ನು ಮುಚ್ಚಿಟ್ಟೆ. ಮೂವರಿಗೂ ಬೇರೆ ಬೇರೆ ಹೊತ್ತು ಗೊತ್ತುಮಾಡಿದೆ. ನಿಂಗಮ್ಮ ಸಂಜೆ ಕಾರ್ಖಾನೆ ಬಿಟ್ಟು ನೇರ ನಮ್ಮ ಮನೆಗೆ ಬರುತ್ತಿದ್ದಳು. ನಾನು ದೇವರ ದೀಪ ಹಚ್ಚಿ ಅಡುಗೆಮನೆ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತ ಪಾಠವನ್ನು ಕಥೆಯಂತೆ ಹೇಳುತ್ತಿದ್ದೆ. ಮರುದಿನ ಅವಳು ಅದನ್ನು ಮೊದಲಿಂದ ಕೊನೆಯವರೆಗೆ ನನಗೆ ಹೇಳಬೇಕು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ನಂಟರಿಲ್ಲ, ಸಂಜೆ ಕರೆಂಟೂ ಹೋಗಲಿಲ್ಲ. ಇಂಥವನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಝಾರನ ಕಥೆ ಹೇಳಬೇಕಲ್ಲ ಎಂದು ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕ ತಂದು ಓದಿದೆ. ಗೈಡಿನಲ್ಲಿ ಇಲ್ಲದ ಒಂದು ಸಂಗತಿ ಸಿಕ್ಕಿತು. ಮೊದಲು ಬೀದಿಗೆ ಬಂದವರಲ್ಲಿ ರಾಜಧಾನಿಯ ಬಟ್ಟೆ ಗಿರಣಿಗಳ ಹೆಂಗಸರಿದ್ದರು. ಅವರು ಕೇಳಿದ್ದು ರೊಟ್ಟಿ.

ನಿಂಗಮ್ಮ ಬರೆಯುವುದನ್ನು ನಿಲ್ಲಿಸಿದಳು. "ಬಟ್ಟಿ ಗಿರಣಿಯವ್ರಾ? ಇದನ್ನ ಗೈಡಿನಾಗ ಯಾಕ ಬಿಟ್ಟಾರ್ರಿ?"

ಅದನ್ನೂ ಬರೆದುಕೋ ಎಂದೆ. ಕಥೆ ಮುಂದುವರಿಸಿದೆ. ಹನ್ನೆರಡು ವರ್ಷ ಹಿಂದೆ ಅದೇ ಊರಲ್ಲಿ ಜನ ಅರಮನೆಯ ಕಡೆ ಹೊರಟಾಗ ಸೈನಿಕರು ಗುಂಡು ಹಾರಿಸಿದ್ದರು, ದೊರೆ ಉಳಿದುಕೊಂಡ. ಈ ಸಲವೂ ಮೊದಲು ಗುಂಡು ಹಾರಿತು; ಆಮೇಲೆ ಸೈನಿಕರು ಇನ್ನು ಹೊಡೆಯುವುದಿಲ್ಲವೆಂದು ಜನರ ಕಡೆ ಸೇರಿಬಿಟ್ಟರು, ದೊರೆ ಬಿದ್ದ. "ಯಾಕಿರಬಹುದು ಹೇಳು" ಎಂದೆ.

"ಅವರವ್ವಗೋಳೂ ಅಕ್ಕತಂಗೇರೂ ಅದ ರೊಟ್ಟಿ ಸಾಲಿನಾಗ ನಿಂತಿರ್ತಾರಲ್ರಿ" ಎಂದಳು. ಪೆನ್ನು ಕೆಳಗಿಟ್ಟಳು. "ಗೌರಮ್ಮಾರು ಅಂದಿದ್ದು ಖರೇನ ಐತ್ರಿ. ಯುದ್ಧದಾಗ ಸೋತ, ರೊಟ್ಟಿ ಇಲ್ಲ, ಸಿಪಾಯಿ ಬ್ಯಾಸತ್ತಾನ, ಇದೆಲ್ಲ ಒಳಗಿಂದು. ಆದ್ರ ಸಿಪಾಯಿ ಬಂದೂಕ ಇಳಸಬೇಕಂದ್ರ ಎದುರಿಗೆ ಯಾರರ ಬಂದು ನಿಂದ್ರಬೇಕಲ್ರಿ. ಯಾರೂ ಬರಲಿಲ್ಲಂದ್ರ ಬ್ಯಾಸತ್ತ ಸಿಪಾಯೀನೂ ಕಾವಲಾ ಕಾಯ್ಕೋತ ನಿಂದರ್ತಾನ."

ಬಿ.ಎ.ಯಲ್ಲಿ ಮೂರು ವರ್ಷ ನಾನು ಇತಿಹಾಸ ಓದಿದ್ದೇನೆ. ಅರಸೊತ್ತಿಗೆ ಒಳಗಿನ ಕುಸಿತದಿಂದ ಬೀಳುತ್ತದೆಯೋ ಜನರ ದಂಗೆಯಿಂದಲೋ ಎಂಬ ಪ್ರಶ್ನೆಗೆ ನಾನೂ ಪುಟಗಟ್ಟಲೆ ಬರೆದು ಅಂಕ ತೆಗೆದುಕೊಂಡಿದ್ದೇನೆ. ಇಷ್ಟು ಸ್ಪಷ್ಟವಾಗಿ ನನಗೆ ಅದು ಎಂದೂ ಕಂಡಿರಲಿಲ್ಲ. ಗೌರಮ್ಮನವರಿಗೆ ಹೇಳಿದಾಗ, "ಸರಿ ಬಿಡು, ಅರ್ಧ ನಂದು ಅರ್ಧ ಅವ್ಳದು" ಎಂದು ಒಪ್ಪಿಕೊಂಡರು.

ಜೂನ್ ಪರೀಕ್ಷೆಯ ದಿನ ಕೇಂದ್ರದ ಹೊರಗೆ ಹೊಂಗೆ ಮರದ ಕೆಳಗೆ ಕಾದು ನಿಂತಿದ್ದೆ. ಮೂರು ಗಂಟೆ ಬಾಯಲ್ಲಿ ಹನುಮಾನ್ ಚಾಲೀಸಾ ಬಿಟ್ಟು ಬೇರೆ ಮಾತಿರಲಿಲ್ಲ. ನಿಂಗಮ್ಮ ಹೊರಗೆ ಬಂದಳು.

"ರಷ್ಯಾ ಬಂದಿತ್ರಿ. ಎರಡು ಪುಟ ಬರದೀನಿ."

ಪೇಪರ್ ತಿದ್ದುವವರು ಬೆರಳಲ್ಲಿ ಎಣಿಸುವುದು ಐದು ಕಾರಣಗಳನ್ನು. "ಒಂದು, ಎರಡು ಅಂತ ನಂಬರ್ ಹಾಕಿದ್ಯಾ?"

"ಇಲ್ರಿ. ಒಂದಾದ ಮ್ಯಾಲೆ ಒಂದು ಹೆಂಗಾತು ಅಂತ ಬರಕೋತ ಹ್ವಾದೆ. ನಡುವ ನಂಬರ್ ಹಾಕಿದ್ರ ಕಡಕೋತಿತ್ತು."

ಫಲಿತಾಂಶ ಬರುವವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ನನ್ನ ಕಥೆ ಹೇಳುವ ಚಾಳಿಯಿಂದ ಆ ಹುಡುಗಿಯ ಬದುಕು ಹಾಳಾಯಿತೇ ಎಂದು ಆಂಜನೇಯನನ್ನು ದಿನಾ ಕೇಳುತ್ತಿದ್ದೆ. ಜುಲೈನಲ್ಲಿ ಸೈಬರ್ ಸೆಂಟರಿನಿಂದ ಅವಳೇ ಫೋನ್ ಮಾಡಿದಳು. ಐವತ್ತೆರಡು. ಉಳಿದಿಬ್ಬರೂ ಪಾಸು.

ಮುಂದಿನ ವರ್ಷದ ಬೇಸಿಗೆಯಲ್ಲಿ, ಮೂವತ್ತೈದು ತುಂಬುವ ಮೊದಲೇ, ನಿಂಗಮ್ಮನಿಗೆ ತನ್ನ ಊರಿನ ಅಂಗನವಾಡಿಯ ಆದೇಶ ಬಂತು. ಹೊರಡುವ ದಿನ ಅಂಕಪಟ್ಟಿಯ ಒಂದು ಜೆರಾಕ್ಸ್ ಪ್ರತಿ ನನ್ನ ಕೈಗೆ ಕೊಟ್ಟಳು. "ಇದು ನಿಮ್ಮ ಕಡೆ ಇರಲಿ, ಅಕ್ಕಾರ." ಅದು ಈಗಲೂ ನಮ್ಮ ದೇವರ ಗೂಡಿನಲ್ಲಿದೆ. ನನ್ನ ಪದವಿಯ ಪ್ರಮಾಣಪತ್ರ ಎಲ್ಲಿದೆಯೋ ಹುಡುಕಬೇಕು.

ಆಮೇಲೂ ಮೂರು ವರ್ಷ ಪಾಠ ಹೇಳಿದೆ. ಒಟ್ಟಾಗಿ ಒಪ್ಪಿಸುವುದನ್ನು ಮತ್ತೆ ಎಂದೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಪೂರ್ತಿ ಕೇಳಿದೆ. ನನ್ನ ಸಣ್ಣ ಆಳ್ವಿಕೆಯೂ ಒಳಗೆ ಟೊಳ್ಳಾಗಿತ್ತು, ಒಬ್ಬಳು ಎದ್ದು ನಿಂತು "ನೀವು ಕೇಳ್ಲೇ ಇಲ್ಲ" ಅನ್ನುವವರೆಗೆ ನನಗೆ ತಿಳಿಯಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಮ್ಮ ಮುಂದೆ ಎಲ್ಲವೂ ಸರಾಗವಾಗಿ ನಡೆಯುತ್ತಿದೆ ಎಂದು ಖುಷಿಯಾದಾಗಲೇ ಇನ್ನೊಂದು ಪ್ರಶ್ನೆ ಕೇಳಬೇಕು. ಕೇಳಿದ ಮೇಲೆ, ಬಂದ ಉತ್ತರವನ್ನು ತಡೆದುಕೊಳ್ಳುವ ಶಕ್ತಿ ಕೊಡು ಎಂದು ದೇವರನ್ನೂ ಕೇಳಬೇಕು. ನನಗೆ ಉತ್ತರ, ಶಕ್ತಿ ಎರಡೂ ಸಿಕ್ಕವು.