ಹುಡೇವಿನ ಹಿಂದಿನ ಜಾಗ

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಕೆರೂರಿನ ಕಡೆಯ ನಮ್ಮ ಊರಿನ ಅಗಸಿ ಬಾಗಿಲ ಪಕ್ಕ ಒಂದು ಹುಡೇವು ಇತ್ತು. ದಂಡು, ದರೋಡೆ ಬಂದರೆ ಮೇಲೆ ನಿಂತು ಕಾಯಲು ಹಿಂದಿನವರು ಕಟ್ಟಿದ ದುಂಡನೆಯ ಗೋಪುರ. ಹೊರಗೆ ಕಲ್ಲು, ಹೊಟ್ಟೆಯಲ್ಲಿ ಮಣ್ಣು. ಬಾದಾಮಿ ನೋಡಲು ಬಂದ ಪೇಟೆ ಜನ ದಾರಿಯಲ್ಲಿ ಇಳಿದು ಅದರ ಫೋಟೋ ಹೊಡೆದುಕೊಳ್ಳುತ್ತಿದ್ದರು. ಸುತ್ತು ಹಾಕಿ ಹಿಂದೆ ಬಂದವರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಆ ಹಿಂದುಗಡೆಯೇ ನಾವು ತಂಬಿಗೆ ಹಿಡಿದು ಹೋಗಿ ಕೂಡುತ್ತಿದ್ದೆವು. ಊರಿನ ಅರ್ಧ ಹೆಂಗಸರಿಗೆ ಅದೇ ಬಯಲುಕಡೆ. ಹಂದಿ, ನೊಣ, ನಾತ. ಹೊಲಸು ಜಾಗವೇ, ಇಲ್ಲ ಅನ್ನುವುದಿಲ್ಲ. ಆದರೆ ದಾರಿಯಲ್ಲಿ ಹೋಗುವ ಗಂಡಸರ ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ದಿನ ಪಂಚಾಯಿತಿ ಮೆಂಬರ ಜೆಸಿಬಿ, ಟ್ರ್ಯಾಕ್ಟರ್ ತಂದ. ಹಳೇ ಗೋಡೆಯ ಮಣ್ಣು ಅವನ ಹೊಲಕ್ಕೆ ಗೊಬ್ಬರವಂತೆ, ಕಲ್ಲು ದನದ ಕೊಟ್ಟಿಗೆಗಂತೆ. ನನ್ನ ಸೊಸೆಗೆ ಆಗ ಎಂಟು ತಿಂಗಳು ತುಂಬಿತ್ತು. ಕಾಲು ಬಾತಿದ್ದವು, ದೂರದ ಹಳ್ಳದವರೆಗೆ ನಡೆಯಲು ಆಗುತ್ತಿರಲಿಲ್ಲ. ನಾನು ಹೋಗಿ ಯಂತ್ರದ ಮುಂದೆ ನಿಂತೆ.

"ಇದನ್ನ ಕೆಡವಿದ್ರ ನನ್ನ ಸೊಸಿ ಎಲ್ಲಿ ಕೂಡಬೇಕೋ ತಮ್ಮಾ?"

"ಅಯ್ಯ ದೊಡ್ಡವ್ವ, ಬಯಲು ಇಷ್ಟ ಬಿದ್ದೈತಿ, ಎಲ್ಲೆರ ಕೂಡ್ಲಿ," ಅಂದ ಮೆಂಬರ.

"ಮೊದ್ಲ ನಿನ್ನ ಹೇಣ್ತಿನ್ನ ಕೂಡ್ಸು, ನೋಡೂಣು."

ಟ್ರ್ಯಾಕ್ಟರ್ ಮೇಲಿದ್ದ ಗಂಡಸರು ಕಿಸಕ್ಕನೆ ನಕ್ಕರು. ಅವನ ಮುಖ ಕಪ್ಪಿಟ್ಟಿತು. "ಮುದುಕಿಗಿ ನಾಚಿಕಿ ಇಲ್ಲ. ಸರಸ್ರಿ ಆಕಿನ್ನ," ಅಂದ.

ಸರಿಸಲು ಬಂದವನು ನನ್ನ ಮಗನೇ. ರಟ್ಟೆ ಹಿಡಿದು ಎಳೆದ. "ಸುಮ್ನಿರಬೇ, ಮಂದ್ಯಾಗ ಇಂಥಾ ಮಾತ ಆಡ್ತಾರೇನು?"

ಅವನ ಹೆಂಡತಿಯ ಸಲುವಾಗಿ ಆಡಿದ ಮಾತು! ಥೂ.

ಸಂಜೆಯೊಳಗೆ ಹುಡೇವು ನೆಲಸಮ. ಮಣ್ಣಿನ ಕೂಡ ನಾವು ವರ್ಷಗಟ್ಟಲೆ ಕೂತೆದ್ದ ಹೊಲಸೂ ಟ್ರ್ಯಾಲಿ ಏರಿತು. ಗಂಡಸರು ಅದನ್ನು ಬರಿಗೈಯಲ್ಲಿ ಬಾಚಿ, ಮೂಸಿ, "ಭಾಳ ಸತ್ವ ಐತಿ," ಅಂದರು. ಸೊಸೆ ರಾತ್ರಿ ಉಣ್ಣಲಿಲ್ಲ, ನೀರೂ ಮುಟ್ಟಲಿಲ್ಲ. ಉಂಡರೆ ಬೆಳಿಗ್ಗೆ ಎಲ್ಲಿಗೆ ಹೋಗಲಿ ಅಂತ ಅವಳ ಹೆದರಿಕೆ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಉಪವಾಸ!

ಮರುದಿನ ಬೆಳಕು ಹರಿಯುವಾಗ ತಂಬಿಗೆ ತುಂಬಿಕೊಂಡು, ಅವಳ ಕೈ ಹಿಡಿದು ಮೆಂಬರನ ಹಿತ್ತಲಿಗೆ ಹೋದೆ. ಸರಕಾರದ ದುಡ್ಡಿನಲ್ಲಿ ಕಟ್ಟಿಸಿದ ಪಾಯಖಾನೆಯ ತುಂಬ ಅವರು ಒಲೆಗೆಂದು ತಟ್ಟಿದ ಸಗಣಿ ಕುಳ್ಳು ಒಟ್ಟಿದ್ದರು. ಅಷ್ಟನ್ನೂ ಎತ್ತಿ ಅವರ ಅಂಗಳಕ್ಕೆ ಎಸೆದು, ಸೊಸೆಯನ್ನು ಒಳಗೆ ಕಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.